ಪರ್ವತಿ ಹತ್ತಿಸಿದ ಮೌಶಿ

ಮೌಶಿ ಹೋದ ಸುದ್ದಿ ಕೇಳಿ ಪುಣೆ ಹತ್ತಿರದ ನಿಗಡಿಯ ಅವರ ಮನೆಗೆ ಹೋದರೆ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಒಳಗೆ ಅಳುವವರಿಗಿಂತ ನಗುವವರೇ ಜಾಸ್ತಿ. ಸತ್ತವರ ಮನೆಯಲ್ಲಿ ಹೀಗೆಲ್ಲ ನಗಬಾರದು ಅಂತ ಗೊತ್ತಿದ್ದವರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಒಬ್ಬಾಕೆ ಹೇಳುತ್ತಿದ್ದಳು: ಕನ್ಯಾ ನೋಡುವ ದಿನ ಶನಿವಾರವಾಡಾ ಕೋಟೆಯಲ್ಲಿ ಬಿಸಿಲಿಗೆ ತನ್ನ ಗಂಡನಾಗುವವನಿಗೆ ತಲೆ ಸುತ್ತು ಬಂದು ಎಲ್ಲರೆದುರು ನೆಲಕ್ಕೆ ಕೂತುಬಿಟ್ಟನಂತೆ. ಇವಳಪ್ಪನ ಮುಖ ಹುಳ್ಳಗಾಯಿತು. ಮೌಶಿ ಮಾತ್ರ ಇವಳ ಕಿವಿಯಲ್ಲಿ, ಸುಳ್ಳು ಶೂರತನ ತೋರಿಸದ ಹುಡುಗ, ಬಿಡಬೇಡ ಅಂದರಂತೆ. ಆ ಹುಡುಗ, ಈಗ ತಲೆ ಬೋಳಾದ ಗೃಹಸ್ಥ, ಪಕ್ಕದಲ್ಲೇ ಕೂತು ಹೌದು ಹೌದು ಅಂತ ತಲೆಯಾಡಿಸುತ್ತಿದ್ದ. ಅಲ್ಲಿ ಸೇರಿದ್ದವರಲ್ಲಿ ಮುಕ್ಕಾಲು ಪಾಲು ಮಂದಿಯ ಮದುವೆ ಕೂಡಿಸಿದವರು ಮೌಶಿ.

ಅವರಿಗೊಂದು ಹೆಸರಿತ್ತು. ಅದು ರೇಶನ್ ಕಾರ್ಡಿನಲ್ಲಿತ್ತು, ಅಲ್ಲೇ ಉಳಿಯಿತು. ನಮ್ಮ ಕಾಲನಿಯ ಕನ್ನಡದವರಿಗೂ ಮರಾಠಿಯವರಿಗೂ, ತರಕಾರಿ ಗಾಡಿಯವನಿಗೂ ಅವರು ಮೌಶಿ, ಅಂದರೆ ಚಿಕ್ಕಮ್ಮ. ಬಾಗಲಕೋಟೆ ಕಡೆಯವರು. ಮದುವೆಯಾಗಿ ಪುಣೆಗೆ ಬಂದವರು. ಗಂಡ, ಅಂದರೆ ನಮ್ಮ ಕಾಕಾ, ಪಿಂಪರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಮಾತು ಬಹಳ ಕಡಿಮೆ. ಮನೆಯ ಮಾತಿನ ಕೋಟಾವನ್ನೆಲ್ಲ ಮೌಶಿಯೇ ಖರ್ಚು ಮಾಡುತ್ತಿದ್ದುದರಿಂದ ಅವರಿಗೆ ಉಳಿದಿರಲಿಲ್ಲ ಅಂತ ನಾವು ಚೇಷ್ಟೆ ಮಾಡುತ್ತಿದ್ದೆವು.

ಗಿಡ್ಡ ಹೆಂಗಸು, ಇಳಕಲ್ ಸೀರೆ, ಹಣೆಗೆ ಕಾಸಿನಗಲ ಕುಂಕುಮ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಶಾಲೆ ಹುಡುಗರು ಪಿ.ಟಿ. ದಿನ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಹೊಸಬರು ಮೊದಲು ಆ ಬೂಟು ನೋಡುತ್ತಿದ್ದರು, ಆಮೇಲೆ ಮುಖ. ನಮ್ಮವ್ವ ಒಮ್ಮೆ, ಮಂದಿ ನಗುತ್ತಾರಲ್ಲ ಮೌಶಿ, ಅಂದಿದ್ದಕ್ಕೆ, ನಗುವವರು ನನ್ನ ಕಾಲು ಒತ್ತಲು ಬರುವುದಿಲ್ಲ ಅಂದಿದ್ದರು.

ಅವರ ಪದ್ಧತಿಯೇ ಬೇರೆ. ಕನ್ಯಾ ನೋಡುವುದು ಅಂದರೆ ಪುಣೆಯಲ್ಲಿ ಕಾಂದಾಪೋಹೆ ಕಾರ್ಯಕ್ರಮ. ಗಂಡಿನ ಕಡೆಯವರು ಬರುತ್ತಾರೆ, ಈರುಳ್ಳಿ ಹಾಕಿದ ಅವಲಕ್ಕಿ ತಿನ್ನುತ್ತಾರೆ, ಹುಡುಗಿಗೆ ಹಾಡಲು ಬರುತ್ತದಾ ಅಂತ ಕೇಳುತ್ತಾರೆ, ಚಹಾ ಕುಡಿದು ಏಳುತ್ತಾರೆ. ಮೌಶಿಗೆ ಇದು ಸುತಾರಾಂ ಹಿಡಿಸುತ್ತಿರಲಿಲ್ಲ. ಒಂದು ತಾಸು ಯಾರು ಬೇಕಾದರೂ ದೇವರಂತೆ ಕೂಡಬಹುದು ಅನ್ನುವುದು ಅವರ ವಾದ. ಅದಕ್ಕೆ ಎರಡೂ ಮನೆಯವರನ್ನು ಒಂದು ದಿನ ಪುಣೆ ನೋಡಲು ಕರೆದುಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಪೇಶ್ವೆಗಳಿದ್ದ ಶನಿವಾರವಾಡಾ, ಮಧ್ಯಾಹ್ನ ಸಾರಸಬಾಗಿನ ಹುಲ್ಲಿನ ಮೇಲೆ ಊಟ, ಇಳಿಹೊತ್ತಿಗೆ ಪರ್ವತಿ ಗುಡ್ಡ, ಸಂಜೆ ಸ್ವಾರಗೇಟಿನ ಬಳಿ ನಮ್ಮ ಮಂಗಳೂರು ಕಡೆಯವರೊಬ್ಬರ ಹೋಟೆಲಿನಲ್ಲಿ ಚಹಾ. ಸಿಟಿ ಬಸ್ಸು, ಇಲ್ಲವೆಂದರೆ ಕಾಲ್ನಡಿಗೆ. ರಿಕ್ಷಾ ಹತ್ತುವಂತಿಲ್ಲ. ನೂಕುನುಗ್ಗಲಿನ ಬಸ್ಸಿನಲ್ಲಿ ಸೀಟು ಸಿಕ್ಕಾಗ ಹುಡುಗ ಯಾರನ್ನು ಕೂರಿಸುತ್ತಾನೆ, ಹಸಿವಾದಾಗ ಹುಡುಗಿಯ ಮಾತು ಹೇಗಾಗುತ್ತದೆ, ಗುಡ್ಡ ಹತ್ತುವಾಗ ನೀರಿನ ಚೀಲ ಯಾರ ಹೆಗಲ ಮೇಲಿರುತ್ತದೆ, ಇದನ್ನೆಲ್ಲ ಮೌಶಿ ನೋಡುತ್ತಿದ್ದರು. ದೊಡ್ಡ ಕಂಪನಿಯ ಎಂಜಿನಿಯರ್ ವರ ಒಬ್ಬ ಪರ್ವತಿಯ ಮೆಟ್ಟಿಲುಗಳನ್ನು ಕೈ ಬೀಸಿಕೊಂಡು ಹತ್ತಿದ. ಚೀಲ ಹೊತ್ತದ್ದು ಅವನ ತಾಯಿ. ಹುಡುಗಿಯ ಅಪ್ಪನಿಗೆ ಮೌಶಿ ಅಲ್ಲೇ ಬೇಡ ಅಂದರು. ಆತ ಸಿಟ್ಟಾಗಿ ಹುಡುಗನ ನೌಕರಿಯ ಗುಣಗಾನ ಶುರು ಮಾಡಿದ. "ನೌಕರಿಗೆ ಮಗಳನ್ನ ಕೊಡ್ತೀರೋ, ಮನುಷ್ಯಾಗ ಕೊಡ್ತೀರೋ, ಅದನ್ನ ಮದಲ ಠರಾವ್ ಮಾಡ್ರಿ" ಅಂದರಂತೆ ಮೌಶಿ. ಮುರಿದುಬಿದ್ದ ಸಂಬಂಧಗಳ ಬಗ್ಗೆ ಅವರಿಗೆ ಕೂಡಿಬಂದ ಸಂಬಂಧಗಳಷ್ಟೇ ಹೆಮ್ಮೆಯಿತ್ತು.

ಇತಿಹಾಸವನ್ನೂ ಹೇಳುತ್ತಿದ್ದರು. ಅದರಲ್ಲಿ ಯಾವ ಪೇಶ್ವೆ ಯಾರ ಮಗ ಅನ್ನುವುದು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಒಮ್ಮೆ ಮರಾಠಿ ಯಾತ್ರಿಕರೊಬ್ಬರು ನಿಂತು ಕೇಳಿ, ಬಾಯಿಯವರೇ, ಅವರು ಅಣ್ಣ ತಮ್ಮಂದಿರು, ಅಪ್ಪ ಮಗ ಅಲ್ಲ ಅಂತ ತಿದ್ದಿದರು. ಮೌಶಿ ಒಂಚೂರೂ ನಾಚಿಕೊಳ್ಳದೆ, ಹಂಗಾದರೆ ಜಗಳ ಆದದ್ದು ಸಹಜವೇ ಬಿಡಿ ಅಂತ ಮರಾಠಿಯಲ್ಲಿ ಹೇಳಿ ಮುಂದೆ ನಡೆದರು. ಆದರೆ ಯುದ್ಧದ ಮಾತು ಬಂದಾಗ ಅವರ ದನಿ ಬದಲಾಗುತ್ತಿತ್ತು. ಮರಾಠರು ಸೋತ ಪಾನಿಪತ್ತಿನ ಯುದ್ಧ ಸಂಕ್ರಾಂತಿಯ ದಿನ ಆದದ್ದು. ಇಲ್ಲಿ ಮನೆ ಮನೆಯಲ್ಲಿ ಎಳ್ಳು ಬೆಲ್ಲ ಮಾಡಿಟ್ಟುಕೊಂಡಿದ್ದ ಹೆಂಗಸರಿಗೆ ಅದು ಗೊತ್ತೇ ಇಲ್ಲ. ಎಷ್ಟೋ ದಿನದ ಮೇಲೆ ಸುದ್ದಿ ಬಂತು, ಹೆಣವೂ ಬರಲಿಲ್ಲ ಅನ್ನುವಾಗ ಅವರ ಕಣ್ಣು ಒದ್ದೆಯಾಗುತ್ತಿದ್ದವು, ಅವರ ಸ್ವಂತ ಓಣಿಯಲ್ಲಿ ಮೊನ್ನೆ ಮೊನ್ನೆ ನಡೆದದ್ದೇನೋ ಎಂಬಂತೆ. ಪರ್ವತಿಯ ಮೇಲಿನ ಕಿಟಕಿಯ ಬಳಿ ಮಾತ್ರ ಸಿಟ್ಟಾಗುತ್ತಿದ್ದರು. ಕೊನೆಯ ಪೇಶ್ವೆ ತನ್ನ ಸೈನ್ಯ ಖಡಕಿಯ ಬಯಲಿನಲ್ಲಿ ಇಂಗ್ಲಿಷರಿಗೆ ಸೋಲುವುದನ್ನು ಆ ಕಿಟಕಿಯಲ್ಲಿ ನಿಂತು ನೋಡಿದ ಅಂತ ಹೇಳುತ್ತಾರೆ. "ಲಡಾಯಿ ಕಿಡಕ್ಯಾಗಿಂದ ನೋಡಾವ ಸಂಸಾರಾನೂ ಕಿಡಕ್ಯಾಗಿಂದನ ನೋಡ್ತಾನ" ಅನ್ನುತ್ತಿದ್ದರು, ವರನ ಕಡೆಗೆ ತಿರುಗಿ. ಎಷ್ಟು ಹುಡುಗರು ಆ ಕಿಟಕಿಯಿಂದ ದಡಬಡ ಹಿಂದೆ ಸರಿದಿದ್ದಾರೋ, ಆ ಪರ್ವತಿ ದೇವರಿಗೇ ಗೊತ್ತು.

ಈಗ ನನ್ನ ಮಾತಿಗೆ ಬರುತ್ತೇನೆ. ಎರಡು ವರ್ಷದವಳಿದ್ದಾಗ ಜ್ವರ ಬಂದು ನನ್ನ ಎಡಗಾಲು ಸೊರಗಿತು. ಪೋಲಿಯೋ. ನಡೆಯುತ್ತೇನೆ, ಬಸ್ಸು ಹತ್ತುತ್ತೇನೆ, ಆಗ ಆಕುರ್ಡಿಯ ಒಂದು ದವಾಖಾನೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ರಕ್ತ ಪರೀಕ್ಷೆ ಮಾಡುತ್ತಿದ್ದೆ. ನಡೆಯುವಾಗ ಎಡಕ್ಕೆ ವಾಲುತ್ತೇನೆ. ಇಷ್ಟೇ ವಿಷಯ. ಇಷ್ಟನ್ನು ಮುಚ್ಚಲು ನಮ್ಮ ಮನೆಯವರು ಪಟ್ಟ ಪಾಡು ದೇವರಿಗೇ ಪ್ರೀತಿ. ಗಂಡಿನವರು ಬರುವ ಮೊದಲೇ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಕಾಲ ಮೇಲೆ ನಿರಿಗೆ ಹರಡಿ, ಅಲುಗಾಡಬೇಡ ಅಂತ ಅವ್ವ ತಾಕೀತು ಮಾಡುತ್ತಿದ್ದಳು. ತಾಟು ತರುವುದು ನನ್ನ ಸೋದರತ್ತೆಯ ಕೆಲಸ. ಹುಡುಗಿ ಯಾಕೆ ತರಲಿಲ್ಲ ಅಂದರೆ, ಪೂರ್ವಕ್ಕೆ ಮುಖ ಮಾಡಿ ಕೂತವಳು ಎದ್ದರೆ ಯೋಗ ತಪ್ಪುತ್ತದೆ ಅಂತ ಜೋಯಿಸರು ಹೇಳಿದ್ದಾರೆ ಅನ್ನುತ್ತಿದ್ದಳು ಅವ್ವ. ಆ ಜೋಯಿಸರು ಹುಟ್ಟಿದ್ದು ಅವ್ವನ ತಲೆಯಲ್ಲಿ. ಆದರೂ ಯಾರೂ ಮರುಪ್ರಶ್ನೆ ಕೇಳಲಿಲ್ಲ. ಹಿರಿಯರಿಗೆ ನಮಸ್ಕಾರ ಮಾಡಲು ಏಳುವ ಹೊತ್ತಿಗೆ ಕರೆಂಟು ಹೋಗಲಿ ಅಂತ ದೇವರಿಗೆ ಬೇರೆ ಬೇಡಿಕೊಳ್ಳುತ್ತಿದ್ದಳು, ಒಂದು ಸಲ ಹೋಯಿತು ಕೂಡ. ಬಂದವರು ನಾಳೆ ಹೇಳುತ್ತೇವೆ ಅಂತ ಖುಷಿಯಾಗಿ ಎದ್ದು ಹೋಗುತ್ತಿದ್ದರು. ಆಮೇಲೆ ಕಾಲನಿಯಲ್ಲಿ ವಿಚಾರಿಸಿ, ಗೊತ್ತಾಗಿ, ಬೇಡ ಅಂತ ಹೇಳಿ ಕಳಿಸುತ್ತಿದ್ದರು. ನಾಲ್ಕು ಸಲ ಹೀಗಾಯಿತು. ನಾಲ್ಕನೆಯದು ಮುರಿದ ದಿನ ಅಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ, "ಪಾನಿಪತ್ ಆತು" ಅಂದರು. ಪುಣೆಯಲ್ಲಿ ಸರ್ವನಾಶಕ್ಕೆ ಎಲ್ಲರೂ ಹಾಗೆಯೇ ಅನ್ನುವುದು. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಈ ಮಾತು ಈ ಮನೆಯಲ್ಲಿ ಮತ್ತೆ ಎತ್ತುವುದು ಬೇಡ ಅಂತಲೂ ಅಂದರು.

ನನಗೆ ಮದುವೆಯಾಗಬೇಕಿತ್ತು. ಹೇಳಲು ಈಗೇನು ನಾಚಿಕೆ? ನನ್ನದೇ ಒಂದು ಮನೆ, ನನ್ನದೇ ಒಲೆ, ಸಂಜೆ ಜಗಳವಾಡಲು ಒಬ್ಬ ಮನುಷ್ಯ ಬೇಕಿತ್ತು. ಲ್ಯಾಬಿನಲ್ಲಿ ಗರ್ಭಿಣಿಯರ ರಕ್ತ ತೆಗೆಯುವಾಗ ಒಮ್ಮೊಮ್ಮೆ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು. ಆ ಒಂದೇ ಒಂದು ಸಲ ಉಳಿದಿದೆ ಅನ್ನುವ ಮಾತು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಧನುರ್ಮಾಸ ಮುಗಿದು, ಸಂಕ್ರಾಂತಿಯ ಎಳ್ಳು ಕೊಡಲು ಮೌಶಿ ಬಂದರು. ಬಂದವರು ಸೀದಾ ಅಪ್ಪನಿಗೆ, "ಕಾಲಿಗೆ ಬ್ಯಾಡ ಅಂದಿಲ್ಲ ಅವರು. ಮುಚ್ಚಿಟ್ಟದ್ದಕ್ಕ ಬ್ಯಾಡ ಅಂದಾರ" ಅಂದರು. ಇದು ಪೂರ್ತಿ ನಿಜವಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕಾಲಿಗೇ ಬೇಡ ಅಂದವರೂ ಇದ್ದರು. ಆದರೆ ಆ ಮಾತು ಕೇಳಿ ಅಪ್ಪ ಎದ್ದು ಕೂತರು. ಸೋಲಾಪುರದಲ್ಲಿ ಒಬ್ಬ ಹುಡುಗ ಇದ್ದಾನೆ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ನಮ್ಮ ಪೈಕಿಯೇ. ಬರುವ ಆದಿತ್ಯವಾರ ಪರ್ವತಿ ಹತ್ತಿಸೋಣ ಅಂದರು ಮೌಶಿ. ಅಪ್ಪ ಹೌಹಾರಿದರು. ಉಳಿದ ಯಾವ ಹುಡುಗಿಯನ್ನಾದರೂ ಹತ್ತಿಸಿ, ನನ್ನ ಮಗಳನ್ನು ಊರ ಮುಂದೆ ತಮಾಷೆ ಮಾಡಬೇಡಿ ಅಂತ ಕೂಗಾಡಿದರು. ಅವ್ವ ಅಳಲು ಶುರುಮಾಡಿದಳು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಕೇಳುತ್ತಿದ್ದ ನನಗೂ ನಿರಿಗೆಯ ಕೆಳಗೆ ಅಡಗಿ ಕೂರುವುದೇ ವಾಸಿ ಅನ್ನಿಸಿತು. ಮೌಶಿ ಯಾರ ಜೊತೆಗೂ ವಾದ ಮಾಡಲಿಲ್ಲ. ಮರುದಿನ ಕ್ಯಾಂಪಿನ ಪೇಟೆಗೆ ಹೋಗಿ ನನ್ನ ಅಳತೆಯ ಬಿಳಿ ಕ್ಯಾನ್ವಾಸ್ ಬೂಟು ತಂದರು. ಎಡಗಾಲಿನ ಬೂಟಿಗೆ ಚಮ್ಮಾರನ ಹತ್ತಿರ ಒಳಗೆ ದಪ್ಪ ಅಟ್ಟೆ ಹಾಕಿಸಿದ್ದರು. ಹಾಕಿಕೊಂಡು ನಡೆದು ನೋಡಿದೆ. ವಾಲುವುದು ನಿಲ್ಲಲಿಲ್ಲ, ಆದರೆ ಸೊಂಟದ ನೋವು ಅರ್ಧ ಕಡಿಮೆಯಾಯಿತು. ಇಷ್ಟು ವರ್ಷ ಮುಚ್ಚಿಡುವುದರಲ್ಲೇ ಮುಳುಗಿದ್ದ ನಮ್ಮ ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಆ ಬೂಟು ನೋಡಿದ ಮೇಲೆ ಅಪ್ಪ ಆದಿತ್ಯವಾರ ಹೊರಡಲು ಒಪ್ಪಿದರು.

ಆ ದಿನ ಶನಿವಾರವಾಡಾದ ಎದುರು ನಾವು ಬಸ್ಸಿಳಿದಾಗ ಸೋಲಾಪುರದವರು ಆಗಲೇ ಬಂದು ದೊಡ್ಡ ಬಾಗಿಲ ಕೆಳಗೆ ನಿಂತಿದ್ದರು. ತಂದೆ, ತಾಯಿ, ಮಗ, ಮೂರೇ ಜನ. ಬಸ್ಸಿಳಿದ ಜಾಗಕ್ಕೂ ಆ ಬಾಗಿಲಿಗೂ ನಡುವೆ ದೊಡ್ಡ ಬಯಲು. ಅವ್ವ ನನ್ನ ಎಡಕ್ಕೆ ಅಂಟಿಕೊಂಡು ಮರೆಯಾಗಿ ನಡೆಯತೊಡಗಿದಳು. ಮೌಶಿ ಅವಳ ರಟ್ಟೆ ಹಿಡಿದು, ಕುಂಬಳಕಾಯಿ ಸಂಡಿಗೆಗೆ ಏನೇನು ಹಾಕುತ್ತೀಯ ಅಂತ ಕೇಳುತ್ತಾ ಹಿಂದಕ್ಕೆ ಎಳೆದುಕೊಂಡರು. ನಾನು ಒಬ್ಬಳೇ ಉಳಿದೆ. ಆ ಬಯಲನ್ನು ಹೇಗೆ ದಾಟಿದೆನೋ! ಹುಡುಗನ ತಂದೆ ಪಾಪ ಸಂಕೋಚದಿಂದ ಬಾಗಿಲಿನ ಮೊಳೆಗಳನ್ನು ನೋಡುತ್ತಾ ನಿಂತರು. ತಾಯಿ ನನ್ನ ಮುಖ ನೋಡಿದರು. ಹುಡುಗ ಮಾತ್ರ ಸರಿಯಾಗಿ ನನ್ನ ಕಾಲು ನೋಡಿದ, ಆಮೇಲೆ ಮುಖ ನೋಡಿ ಕೈ ಮುಗಿದ. ಕದ್ದು ನೋಡಲಿಲ್ಲ, ನೋಡದವನಂತೆಯೂ ಮಾಡಲಿಲ್ಲ. ನನಗೆ ಸಿಟ್ಟೂ ಬಂತು, ಒಂಥರಾ ಹಗುರವೂ ಆಯಿತು.

ಮೌಶಿಯ ಇತಿಹಾಸ ಶುರುವಾಯಿತು. ಬಾಗಿಲಿನ ಮೊಳೆಗಳನ್ನು ಮುಟ್ಟಿಸಿದರು, ವೈರಿಯ ಆನೆ ಹಣೆ ಕೊಟ್ಟು ಗುದ್ದಬಾರದು ಅಂತ ಇಟ್ಟದ್ದು. ಒಳಗೆ ಅರಮನೆ ಇಲ್ಲ, ಸುಟ್ಟುಹೋಗಿದೆ, ಉಳಿದಿರುವುದು ಕಲ್ಲಿನ ಪಾಯಗಳು, ಹುಲ್ಲು, ಒಂದು ಕಾರಂಜಿಯ ತೊಟ್ಟಿ. ಇದರಲ್ಲಿ ಅಡುಗೆಮನೆ ಯಾವುದಿರಬಹುದು ಹೇಳಿ ಅಂತ ಎಲ್ಲರನ್ನೂ ಕೇಳುವುದು ಮೌಶಿಯ ರೂಢಿ. ನನ್ನಪ್ಪನೂ ಹುಡುಗನ ಅಪ್ಪನೂ ಅದರ ಮೇಲೆ ವಾದಕ್ಕಿಳಿದು ಅರ್ಧ ತಾಸಿನಲ್ಲಿ ದೋಸ್ತರಾದರು. ನಡುವೆ ಹುಡುಗನ ಅಪ್ಪ ಒಂದು ಮಾತು ಎತ್ತಿದರು. ಶುಭಕಾರ್ಯದ ಮಾತಿಗೆ ಸೋತವರ ಸುಟ್ಟ ಮನೆ ಯಾಕೆ, ಯಾವುದಾದರೂ ಗುಡಿಯಲ್ಲಿ ಕೂಡಬಹುದಿತ್ತಲ್ಲ ಅಂದರು. ಮೌಶಿ ಅವರಿಗೂ ಒಂದು ಎಳ್ಳಿನ ಉಂಡೆ ಕೊಟ್ಟು, "ಗೆದ್ದವರ ಮನ್ಯಾಗ ಎಲ್ಲಾರೂ ಚೊಲೊನ ಕಾಣಸ್ತಾರ್ರಿ. ಸೋತ ಜಾಗಾದಾಗ ನಿಂತಾಗ ಮನಷ್ಯಾನ ಖರೇ ಮಾರಿ ಕಾಣಸ್ತದ" ಅಂದರು. ಅವರಿಗೆ ಅದು ಒಪ್ಪಿಗೆಯಾಯಿತೋ ಇಲ್ಲವೋ, ಉಂಡೆ ಬಾಯಲ್ಲಿತ್ತು, ಮಾತಾಡಲು ಆಗಲಿಲ್ಲ.

ಸಾರಸಬಾಗಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಡಿಸಲು ನಾನು ಏಳದಂತೆ ಅವ್ವ ಇಡೀ ಊಟವನ್ನು ತಾನೇ ಓಡಾಡಿ ಬಡಿಸಿದಳು. ಊಟವಾದ ಮೇಲೆ ಪರ್ವತಿಯ ಬುಡಕ್ಕೆ ಬಂದೆವು. ಅಲ್ಲಿ ಅಪ್ಪ ಕೊನೆಯ ಪ್ರಯತ್ನ ಮಾಡಿದರು. ಇಷ್ಟೆಲ್ಲ ಚೀಲ ಹೊತ್ತು ಹತ್ತುವುದು ಯಾಕೆ, ಮಗಳು ಇಲ್ಲೇ ನೆರಳಲ್ಲಿ ಸಾಮಾನು ನೋಡಿಕೊಂಡಿರಲಿ ಅಂದರು. "ಸಾಮಾನ ಕಾಯಾಕ ಆಕೀನ್ನ ಕರಕೊಂಡ ಬಂದಿಲ್ರಿ" ಅಂತ ಮೌಶಿ ಒಂದು ಚೀಲ ಅಪ್ಪನ ಹೆಗಲಿಗೇ ಹಾಕಿದರು.

ಪರ್ವತಿಯ ಮೆಟ್ಟಿಲುಗಳು ಅಗಲ, ಎತ್ತರ ಕಡಿಮೆ. ನಾನು ಅಂಜಿದಷ್ಟು ಕಷ್ಟವೇನೂ ಇರಲಿಲ್ಲ. ಗಂಡಸರು ಪೇಶ್ವೆಯ ಅಡುಗೆಮನೆಯ ವಾದ ಮುಂದುವರಿಸುತ್ತಾ ಮುಂದೆ ಹೋದರು. ಮೌಶಿ ಅವ್ವನನ್ನು ಎಳೆದುಕೊಂಡು ಅವರ ಹಿಂದೆ. ಹಿಂದೆ ಉಳಿದವರು ನಾನು ಮತ್ತು ಹುಡುಗನ ತಾಯಿ. ಆಕೆ ದಪ್ಪಗಿದ್ದರು, ಎರಡೂ ಮೊಣಕಾಲು ಹಿಡಿದಿದ್ದವು. ಹತ್ತಿಪ್ಪತ್ತು ಮೆಟ್ಟಿಲಿಗೊಮ್ಮೆ ಉಸ್ ಅಂತ ಕೂತುಬಿಡುತ್ತಿದ್ದರು. ಕೂತಾಗೆಲ್ಲ ನಾನೂ ಕೂರುತ್ತಿದ್ದೆ. ಮೂರನೆಯ ಸಲ ಕೂತಾಗ ಕೇಳಿಯೇಬಿಟ್ಟರು.

"ಕಾಲಿಗೆ ಏನಾಗೇದವಾ?"

ನಾಲ್ಕು ಮನೆಯವರು ಬಂದುಹೋಗಿದ್ದರು. ಊರನ್ನೆಲ್ಲ ಕೇಳಿದ್ದರು, ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಸಣ್ಣಾಕಿ ಇದ್ದಾಗ ಪೋಲಿಯೋ ಆಗಿತ್ತು ಅಂತ ಹೇಳಿದೆ. ನೋಯುತ್ತದೇನು ಅಂದರು. ಚಳಿಗಾಲದಲ್ಲಿ ಸ್ವಲ್ಪ ಅಂದೆ. ತಮಗೂ ಚಳಿಗಾಲದಲ್ಲೇ ಅಂದರು. ಆಮೇಲೆ ಯಾವ ಎಣ್ಣೆ ಹಚ್ಚಬೇಕು, ಬೆಳ್ಳುಳ್ಳಿ ಹಾಕಿ ಕಾಸಬೇಕೋ ಅಜವಾನ ಹಾಕಿ ಕಾಸಬೇಕೋ ಅನ್ನುವುದರ ಮೇಲೆ ನಮ್ಮಿಬ್ಬರ ಮಾತು ಎಷ್ಟು ಉದ್ದ ಹೋಯಿತು ಅಂದರೆ ನಾನು ಯಾಕೆ ಅಲ್ಲಿಗೆ ಬಂದಿದ್ದೇನೆ ಅನ್ನುವುದೇ ಮರೆತೆ. ಕೆಳಗೆ ಇಡೀ ಪುಣೆ ಕಾಣುತ್ತಿತ್ತು, ಬಿಸಿಲು ಹಿತವಾಗಿತ್ತು.

ಅಷ್ಟರಲ್ಲಿ ಹುಡುಗ ಮೇಲಿನಿಂದ ಇಳಿದು ಬಂದ. ತಾಯಿಗೆ ನೀರು ಕೊಟ್ಟ, ನನಗೂ ಕೊಟ್ಟ, ನಮಗಿಂತ ಎರಡು ಮೆಟ್ಟಿಲು ಕೆಳಗೆ ಕೂತ. ಒಂದು ಮಾತು ಹೇಳುವುದಿದೆ ಅಂದ. ತಾಯಿಗೆ ತಕ್ಷಣ ಗೊತ್ತಾಗಿರಬೇಕು. ಈಗ ಬೇಡೋ, ಆಮೇಲೆ ಹೇಳಿದರಾಯಿತು ಅಂತ ಅವನ ಅಂಗಿ ಜಗ್ಗಿದರು. ಅವನು ಕೇಳಲಿಲ್ಲ.

"ನನಗ ಬಣ್ಣ ಪೂರಾ ಕಾಣಂಗಿಲ್ರಿ. ಕೆಂಪು, ಹಸರು ಎರಡೂ ಒಂದ ಥರಾ ಕಾಣಸ್ತಾವು. ಸಾಲ್ಯಾಗ ಯಾರಿಗೂ ಗೊತ್ತಿಲ್ಲ."

ಡ್ರಾಯಿಂಗ್ ಮಾಸ್ತರ! ಹಾಗಾದರೆ ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಅಂದೆ. ಬಣ್ಣದ ಕಡ್ಡಿಗಳ ಮೇಲೆ ಹೆಸರು ಬರೆದಿರುತ್ತದೆ, ಓದಿಕೊಳ್ಳುತ್ತೇನೆ ಅಂದ. ಹೆಸರಿನ ಕಾಗದ ಹರಿದುಹೋಗಿದ್ದರೆ, ಇದು ಯಾವ ಬಣ್ಣ ಹೇಳು ನೋಡೋಣ ಅಂತ ಮಕ್ಕಳಿಗೇ ಪ್ರಶ್ನೆ ಹಾಕುತ್ತಾನಂತೆ. ಮಾಸ್ತರು ಭಾಳ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ ಅಂತ ಹೆಸರು ಬೇರೆ ಬಂದಿದೆ. ನನಗೆ ನಗು ತಡೆಯಲಾಗಲಿಲ್ಲ. ನನ್ನ ಸೀರೆ ಯಾವ ಬಣ್ಣ ಹೇಳಿ ಅಂದೆ. ಸ್ವಲ್ಪ ಹೊತ್ತು ನೋಡಿ, ಮಣ್ಣಿನ ಬಣ್ಣ ಅನ್ನಿಸುತ್ತದೆ ಅಂದ. ಶುಭಕ್ಕೆ ಇರಲಿ ಅಂತ ಅವ್ವ ಅಂಗಡಿ ಅಂಗಡಿ ಅಲೆದು ತಂದ ಗಿಣಿ ಹಸಿರು ಅದು. ತಾಯಿ ನಗಲಿಲ್ಲ. ಶಾಲೆಯಲ್ಲಿ ತಿಳಿದರೆ ನೌಕರಿಗೆ ಕುತ್ತು, ಯಾರ ಮುಂದೆಯೂ ಅನ್ನಬೇಡವಾ ಅಂತ ನನ್ನ ಕೈ ಹಿಡಿದುಕೊಂಡರು. ಅವರ ಮನೆಯಲ್ಲೂ ಇಷ್ಟು ವರ್ಷ ಇದೇ ಕೆಲಸ ನಡೆದಿತ್ತು ಅಂತ ನನಗಾಗ ತಿಳಿಯಿತು. ನಮ್ಮವ್ವನ ಮೇಲೆ ಇದ್ದ ಸಿಟ್ಟೂ ಅಲ್ಲೇ ಇಳಿಯಿತು. ಈಗ ಮಾಸ್ತರರು ರಿಟೈರ್ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮೂವರು ಮೇಲೆ ಮುಟ್ಟುವಷ್ಟರಲ್ಲಿ ಉಳಿದವರು ಗುಡಿ, ಕಿಟಕಿ ಎಲ್ಲ ನೋಡಿ ಮುಗಿಸಿ ಕಟ್ಟೆಯ ಮೇಲೆ ಕೂತು ಉಪ್ಪು ಹಚ್ಚಿದ ಪೇರಲ ಹಣ್ಣು ತಿನ್ನುತ್ತಿದ್ದರು. ಅವ್ವ ಓಡಿಬಂದು ನನ್ನ ನಿರಿಗೆ ಸರಿಮಾಡಿ ಬೂಟು ಮುಚ್ಚಿದಳು. ನನ್ನ ಕಾಲಿನ ವಿಷಯವನ್ನು ಮೌಶಿ ಸೋಲಾಪುರದವರಿಗೆ ಮೊದಲ ದಿನವೇ ಹೇಳಿದ್ದರು ಅಂತ ಅವ್ವನಿಗೆ ತಿಳಿದದ್ದು ಮದುವೆಯ ಮಾತುಕತೆಯ ದಿನ. ಹಾಗೆಯೇ ಗುಡ್ಡ ಇಳಿಯುವುದರೊಳಗೆ ನಿನ್ನ ವಿಷಯ ನೀನೇ ಬಾಯಿಬಿಟ್ಟು ಹೇಳಬೇಕು ಅಂತ ಹುಡುಗನಿಗೂ ತಾಕೀತು ಮಾಡಿದ್ದರಂತೆ. ಇಡೀ ದಿನ ಗೊತ್ತಿದ್ದವರಿಂದಲೇ ಮುಚ್ಚಿಡಲು ಒದ್ದಾಡಿದೆನಲ್ಲ ಅಂತ ಅವ್ವ ಒಂದು ವಾರ ಮೌಶಿಯ ಜೊತೆ ಮಾತು ಬಿಟ್ಟಿದ್ದಳು.

ಸಂಜೆ ಸ್ವಾರಗೇಟಿನ ಹೋಟೆಲಿನಲ್ಲಿ ಒಳಗಿನ ಕೋಣೆಯಲ್ಲಿ ಕೂತೆವು. ಮಾಲೀಕರ ಕನ್ನಡ ಮೌಶಿಗೆ, ಮೌಶಿಯ ಕನ್ನಡ ಮಾಲೀಕರಿಗೆ ಅರ್ಧಂಬರ್ಧ. ಆದರೂ ಅವರ ಮದುವೆಯನ್ನೂ ಕೂಡಿಸಿದವರು ಮೌಶಿಯೇ, ಹಾಗಾಗಿ ಇಡ್ಲಿಯ ಜೊತೆ ಕೇಳದೆಯೇ ಗೋಳಿಬಜೆ ಬಂತು. ಹುಡುಗನ ಅಪ್ಪ ಮಗನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡು, ನಮ್ಮದು ಒಪ್ಪಿಗೆ ಅಂದರು. ಅವ್ವನ ಕಣ್ಣಲ್ಲಿ ನೀರು ಬಂತು. ಅಪ್ಪ ಎದ್ದು ಬೀಗರ ಕೈ ಹಿಡಿಯಲು ಹೊರಟರು. ಮೌಶಿ ಅವರನ್ನು ಕೂಡಿಸಿದರು. ಇನ್ನೂ ಮುಗಿದಿಲ್ಲ, ಹುಡುಗಿಯನ್ನು ಕೇಳಿಲ್ಲ ಅಂದರು. ಆಕೆಯನ್ನು ಕೇಳುವುದೇನಿದೆ ಅಂತ ಅಪ್ಪ ನಕ್ಕರು. ಮೌಶಿ ನಗಲಿಲ್ಲ. ನನ್ನ ಕಡೆ ತಿರುಗಿದರು.

"ನಿನಗ ಒಪ್ಪಿಗಿ ಅದ ಏನವಾ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹಾಡು ಹೇಳು ಅಂದರೆ ಏನು ಹಾಡಬೇಕು, ಅಡುಗೆ ಬರುತ್ತದಾ ಅಂದರೆ ಏನು ಹೇಳಬೇಕು, ಎಲ್ಲವನ್ನೂ ಅವ್ವ ಬಾಯಿಪಾಠ ಮಾಡಿಸಿದ್ದಳು. ಈ ಪ್ರಶ್ನೆಗೆ ಪಾಠ ಇರಲಿಲ್ಲ. ಹುಡುಗ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಅವನು ನನಗೆ ಒಪ್ಪಿಗೆಯಾಗಿದ್ದ. ಅವನಿಗಿಂತ ಹೆಚ್ಚು ಅವನ ತಾಯಿ ಒಪ್ಪಿಗೆಯಾಗಿದ್ದರು. ಆದರೂ ನನ್ನ ಬಾಯಿಂದ ಬಂದದ್ದು ಬೇರೆಯೇ.

"ನಾಳೆ ಹೇಳ್ತೀನ್ರಿ" ಅಂದೆ.

ಅಪ್ಪನ ಕೈಯಲ್ಲಿದ್ದ ಗೋಳಿಬಜೆ ಸಾಂಬಾರಿಗೆ ಬಿತ್ತು. ಅವ್ವ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು, ಈಗಲೂ ನೆನೆದರೆ ಉರಿಯುತ್ತದೆ. ಹುಡುಗ ಮಾತ್ರ, ಆಗಲಿ, ವಿಚಾರ ಮಾಡಿ ಹೇಳಿ ಅಂದ. ಅವನ ತಾಯಿ ತಮ್ಮ ತಟ್ಟೆಯ ಬಜೆಯನ್ನು ನನ್ನ ತಟ್ಟೆಗೆ ಹಾಕಿದರು.

ಮರುದಿನ ಬೆಳಿಗ್ಗೆ ಚಹಾಕ್ಕೂ ಮುಂಚೆ ಮೌಶಿಯ ಮನೆಗೆ ಹೋಗಿ ಹೂಂ ಅಂತ ಹೇಳಿಬಂದೆ. ಅದೇ ಸಂಸಾರ ಇವತ್ತಿಗೂ ನಡೆದಿದೆ, ಮಾಸ್ತರರ ಅಂಗಿಗಳನ್ನು ನಾನೇ ಆರಿಸುತ್ತೇನೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಸಂಜೆ ನಿಗಡಿಯ ಬಸ್ಸು. ಅಪ್ಪ ಅವ್ವ ಸಿಟ್ಟಿನಿಂದ ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತಿದ್ದರು. ನನ್ನ ಪಕ್ಕದಲ್ಲಿ ಮೌಶಿ. ಬಹಳ ದೂರ ಒಂದು ಮಾತೂ ಆಡಲಿಲ್ಲ, ಅವರ ಮಟ್ಟಿಗೆ ಅದೇ ಒಂದು ದಾಖಲೆ. ಆಮೇಲೆ ಮೆಲ್ಲಗೆ, ಹುಡುಗ ಮನಸ್ಸಿಗೆ ಬರಲಿಲ್ಲವೇನು ಅಂತ ಕೇಳಿದರು. ಬಂದಾನ್ರಿ ಅಂದೆ. ಮತ್ತೆ ಯಾಕೆ ಹಾಗಂದೆ ಅಂದರು.

"ನಾಕ ಮಂದಿ ನನ್ನ ಮುಂದ ನಾಳೆ ಹೇಳ್ತೀವಿ ಅಂತ ಹೇಳಿ ಎದ್ದ ಹೋದ್ರಲ್ರಿ ಮೌಶಿ. ಒಮ್ಮೆ ನಾನೂ ಅನಬೇಕು ಅನಿಸ್ತು."

ಮೌಶಿ ನಗತೊಡಗಿದರು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕರು. ಅಪ್ಪನೂ ತಿರುಗಿ ದುರುಗುಟ್ಟಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒರೆಸಿಕೊಂಡ ಮೇಲೂ ಕಣ್ಣು ಒದ್ದೆಯಾಗಿಯೇ ಇದ್ದವು. ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಯಾವತ್ತೂ ಹೇಳದ ಒಂದು ವಿಷಯ ಹೇಳಿದರು. ಕಾಕಾ ನೋಡಲು ಬಂದಾಗ ಮೌಶಿಗೆ ಹದಿನೈದು ವರ್ಷ. ತಲೆ ಎತ್ತಬಾರದು ಅಂತ ಮನೆಯಲ್ಲಿ ಹೇಳಿದ್ದರು. ಚಹಾ ಕೊಟ್ಟು ಒಳಗೆ ಹೋದರು, ಅಷ್ಟೇ. ಮೌಶಿ ನೋಡಿದ್ದು ಕಾಕಾರ ಎರಡು ಪಾದ. ಮುಖ ನೋಡಿದ್ದು ಮದುವೆಯ ದಿನ, ಅಂತರಪಟ ಸರಿದ ಮೇಲೆ. ಅಲ್ಲಿಗೆ ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದರು. ನಾನು, ಕಾಕಾ ಒಳ್ಳೆಯವರಲ್ಲವಾ ಮೌಶಿ ಅಂದೆ.

"ಭಾಳ ಚೊಲೊ ಮನಷ್ಯಾ" ಅಂದರು ಮೌಶಿ. "ಆವತ್ತ ಕೇಳಿದ್ರೂ ಹೂಂ ಅಂತಿದ್ದೆ. ಇವತ್ತ ಕೇಳಿದ್ರೂ ಹೂಂ ಅಂತೀನಿ. ಆದ್ರ ಯಾರೂ ಕೇಳಲಿಲ್ಲವಾ."